ಮಂಡಿಯೊಳಗಿನ ಕಮಾನುಗಳು

ರಂಗಮಂದಿರದಲ್ಲಿ ಅವಳಿಗೆ ದೀಪದಕ್ಕ ಎಂಬ ಹೆಸರು ಬಿದ್ದು ಎಷ್ಟು ಕಾಲವಾಗಿತ್ತೆಂದರೆ, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಾದ ನಟರೂ ಹಾಗೆಯೇ ಕರೆಯುತ್ತಿದ್ದರು. ವೇದಿಕೆಯ ನೆತ್ತಿಯ ಮೇಲೆ, ಪರದೆಗಳ ಹಗ್ಗಗಳ ನಡುವೆ, ಕಬ್ಬಿಣದ ಒಂದು ಕಾಲುದಾರಿ ಇತ್ತು. ಹಿಂದಿನ ಗೋಡೆಗೆ ಬಿಗಿದಿದ್ದ ನೆಟ್ಟನೆಯ ಏಣಿ ಹತ್ತಿ ಅಲ್ಲಿಗೆ ಹೋಗಬೇಕು. ಅಲ್ಲಿ ದೀಪಗಳನ್ನು ತೂಗುಹಾಕುವುದು, ಅವುಗಳ ಮುಖ ತಿರುಗಿಸುವುದು, ಮುಂದೆ ಬಣ್ಣದ ಹಾಳೆ ಸಿಕ್ಕಿಸುವುದು ಅವಳ ಕೆಲಸ. ದೀಪಗಳು ಉರಿಯುತ್ತಿದ್ದಷ್ಟು ಹೊತ್ತೂ ಮೇಲೆ ಬೆಚ್ಚಗಿರುತ್ತಿತ್ತು, ಸುಟ್ಟ ಧೂಳಿನ ವಾಸನೆ ಹರಡಿರುತ್ತಿತ್ತು. ಅಲ್ಲಿ ಮಂಡಿಯೂರಿ ಕುಳಿತು ಕೆಳಗೆ ನೋಡಿದರೆ, ಬೇರೆ ಯಾರೋ ಕಾಣುತ್ತಿರುವ ಕನಸನ್ನು ಮೇಲಿನಿಂದ ಬಗ್ಗಿ ನೋಡಿದ ಹಾಗಾಗುತ್ತಿತ್ತು. ನಾಟಕಗಳ ಕಥೆ ಅವಳಿಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ. ನೆನಪಿರುತ್ತಿದ್ದುದು ನೆತ್ತಿಗಳು. ಯಾವ ರಾಜನ ಕೂದಲು ಉದುರುತ್ತಿದೆ, ಯಾವ ನಾಯಕಿ ಕೂದಲಿಗೆ ಬಣ್ಣ ಹಚ್ಚಿಕೊಳ್ಳಲು ಶುರುಮಾಡಿದ್ದಾಳೆ ಎಂಬುದು ಅವರವರ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಯಾರ ಬಳಿಯೂ ಬಾಯಿ ಬಿಡುತ್ತಿರಲಿಲ್ಲ.

ಅವಳು ಮದುವೆಯಾಗಿರಲಿಲ್ಲ. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಈಗ ಆ ತಂಗಿಯ ಮನೆಯಲ್ಲೇ ಇದ್ದಳು. ತಂಗಿಯ ಗಂಡನದು ಬ್ರೆಡ್ಡಿನ ಅಂಗಡಿ. ಕೆಳಗೆ ಒಲೆ ಮತ್ತು ಅಂಗಡಿ, ಮೇಲೆ ಮನೆ. ಒಲೆಯ ನೆತ್ತಿಗೆ ಸರಿಯಾಗಿ ಅಕ್ಕನ ಕೋಣೆ ಇದ್ದುದರಿಂದ ಅದರ ನೆಲ ಸದಾ ನಿದ್ದೆಗಣ್ಣಿನ ಬೆಕ್ಕಿನ ಹಾಗೆ ಬೆಚ್ಚಗಿರುತ್ತಿತ್ತು. ತಂಗಿ ಮೆಡಿಕಲ್ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ರೋಗಿಗಳ ದೇಹದಿಂದ ತೆಗೆದ ತುಣುಕುಗಳನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಹರಡಿ ಮೈಕ್ರೋಸ್ಕೋಪಿಗೆ ಸಿದ್ಧಪಡಿಸುವುದು ಅವಳ ಕೆಲಸ. ಅದರ ಮಾತನ್ನು ಅವಳು ಮನೆಯೊಳಗೆ ತರುತ್ತಿರಲಿಲ್ಲ. ಗಂಡ ಮಾತ್ರ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ನಮ್ಮನೆಯಲ್ಲಿ ಇಬ್ಬರದೂ ಸ್ಲೈಸು ಮಾಡುವ ಕೆಲಸವೇ, ನನ್ನದನ್ನು ತಿನ್ನಬಹುದು ಅಷ್ಟೇ ವ್ಯತ್ಯಾಸ, ಎನ್ನುತ್ತಿದ್ದ.

ಅಕ್ಕನ ಬಲಮಂಡಿ ಕೈಕೊಡಲು ಶುರುಮಾಡಿದ್ದು ಯಾವಾಗ ಎಂದು ಅವಳಿಗೂ ಹೇಳಲಾಗುತ್ತಿರಲಿಲ್ಲ. ಬೆಳಗ್ಗೆ ಎದ್ದಾಗ ಕಾಲು ಬೇರೆಯವರದೇನೋ ಎಂಬಂತೆ ಬಿಗಿದುಕೊಂಡಿರುತ್ತಿತ್ತು. ಸ್ವಲ್ಪ ಓಡಾಡಿದರೆ ಸಡಿಲವಾಗುತ್ತಿತ್ತು. ಮೆಟ್ಟಿಲಿಳಿಯುವಾಗ ಒಳಗೆ ಮರಳು ತುಳಿದ ಹಾಗೆ ಸದ್ದಾಗುತ್ತಿತ್ತು. ಬರಬರುತ್ತಾ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿತು. ಬೆಚ್ಚನೆಯ ನೆಲದ ಮೇಲೆ ಕಾಲು ಚಾಚಿ ಮಂಡಿಯನ್ನು ಸವರುತ್ತಾ, ನಾಳೆ ಸರಿಹೋಗುತ್ತದೆ ಎಂದುಕೊಳ್ಳುತ್ತಿದ್ದಳು. ರಂಗಮಂದಿರಕ್ಕೆ ಎಲ್ಲರಿಗಿಂತ ಮೊದಲೇ ಹೋಗತೊಡಗಿದಳು. ತಾನು ಏಣಿ ಹತ್ತುವುದನ್ನು ಯಾರೂ ನೋಡಬಾರದು ಎಂಬುದೊಂದೇ ಅದಕ್ಕೆ ಕಾರಣ.

ಅಂತೂ ಒಂದು ಮಧ್ಯಾಹ್ನ ಎಲ್ಲರೂ ನೋಡಿದರು. ಹೊಸ ನಾಟಕದ ತಾಲೀಮು ನಡೆದಿತ್ತು. ಕಡೆಯ ದೃಶ್ಯದಲ್ಲಿ ಬೆಳಗಾಗಬೇಕಿತ್ತು, ನಿರ್ದೇಶಕನಿಗೆ ಅದು ಬಲು ನಿಧಾನವಾಗಿ ಆಗಬೇಕಿತ್ತು. ಹಾಳೆ ಬದಲಿಸಿ ಬರುತ್ತೇನೆಂದು ಏಣಿಗೆ ಕಾಲಿಟ್ಟ ದೀಪದಕ್ಕ ಅರ್ಧ ದಾರಿಯಲ್ಲಿ ನಿಂತುಬಿಟ್ಟಳು. ಮಡಿಸಿದ ಮಂಡಿ ಬಿಚ್ಚಿಕೊಳ್ಳಲಿಲ್ಲ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ರಾಜನ ಪಾತ್ರದವನು ತಲೆಯೆತ್ತಿ ಏನಾಯಿತೆಂದು ಕೇಳಿದ. ಬಲ್ಬು ನೋಡ್ತಿದೀನಿ ಎಂದಳು. ಆ ಗೋಡೆಯ ಮೇಲೆ ಬಲ್ಬೇ ಇರಲಿಲ್ಲ.

ಸೆಟ್ಟು ಕಟ್ಟುವ ಬಡಗಿ ಅವಳ ಹಳೆಯ ಗೆಳೆಯ. ಅವನು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದು, ಜೇಬಿಗೆ ಹಾಕಿಕೊಂಡು, ಏಣಿ ಹತ್ತಿ ಅವಳ ಕೆಳಗೆ ಬಂದು ನಿಂತ.

"ಅಕ್ಕ, ಎಡಗಾಲು ನನ್ನ ಹೆಗಲ ಮೇಲಿಡು."

"ನಿನ್ನ ಹೆಗಲು ನನ್ನ ಮಂಡಿಗಿಂತ ಹಳೇದು ಕಣೋ."

"ಹಳೇದಾದ್ರೂ ಸಾಗುವಾನಿ. ಇಡು."

ಹಾಗೆ ಒಂದೊಂದೇ ಮೆಟ್ಟಿಲು ಇಳಿಸಿದ. ಅವಳನ್ನು ಕೂರಿಸಲು ಕಣ್ಣಿಗೆ ಬಿದ್ದದ್ದು ನಾಟಕದ ಸಿಂಹಾಸನ. ಬಣ್ಣ ಇನ್ನೂ ಹಸಿಯಿತ್ತು. ರಾಜ ಪಕ್ಕದಲ್ಲಿ ನಿಂತು ಕೈಯಲ್ಲಿದ್ದ ಕಾಗದಗಳಿಂದ ಅವಳಿಗೆ ಗಾಳಿ ಬೀಸಿದ. ತಂಗಿಯ ಗಂಡ ಬ್ರೆಡ್ಡಿನ ವ್ಯಾನು ತಂದು ಅವಳನ್ನು ಕರೆದುಕೊಂಡು ಹೋದಾಗ ಅವಳ ಸೀರೆಯ ಹಿಂಬದಿಯೆಲ್ಲ ಚಿನ್ನದ ಬಣ್ಣ ಮೆತ್ತಿಕೊಂಡಿತ್ತು.

ಮೂಳೆ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ತೋರಿಸಿದರು. ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ ಹೊರಮಗ್ಗುಲಲ್ಲಿ ಕಪ್ಪು ಸಂದು ಇತ್ತು; ಒಳಮಗ್ಗುಲಲ್ಲಿ ಇರಲಿಲ್ಲ. ಅಲ್ಲಿ ಮೂಳೆ ಮೂಳೆಯ ಮೇಲೆಯೇ ಕುಳಿತಿತ್ತು. ಮೂಳೆಗಳ ನಡುವಿನ ಮೆತ್ತೆಯಾದ ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಆ ಕಪ್ಪು ಸಂದೇ ಅದರ ಗುರುತು ಎಂದು ಡಾಕ್ಟರಮ್ಮ ವಿವರಿಸಿದರು. ಮಂಡಿ ಸವೆತ, ಬಹಳ ಮುಂದುವರಿದಿದೆ, ಕೀಲು ಬದಲಿಸಿದರೆ ಓಡಾಡಬಹುದು ಎಂದರು. ದೀಪದಕ್ಕ ಆ ಬೆಳಕಿನ ಹಲಗೆಯನ್ನೇ ನೋಡುತ್ತಾ, ಅಲ್ಲಿದ್ದದ್ದು ಎಲ್ಲಿಗೆ ಹೋಯಿತು ಎಂದು ಕೇಳಿದಳು. ಡಾಕ್ಟರಮ್ಮನಿಗೆ ಹೊರಗೆ ಕಾಯುತ್ತಿದ್ದವರ ಸಾಲೇ ಇತ್ತು. ಸವೆದುಹೋಯಿತಮ್ಮ ಎಂದಷ್ಟೇ ಹೇಳಿದರು.

ಸವೆತ ಎಂಬ ಆ ಮಾತು ಅವಳನ್ನು ಹಿಡಿದುಕೊಂಡಿತು. ನೋಡಲು ಬಂದವರೆಲ್ಲ ಅದನ್ನೇ ಹೇಳಿದರು. ಏಣಿ ಹತ್ತಿ ಹತ್ತಿ ಸವೆಸಿಕೊಂಡಿರಿ ಎಂದ ನಿರ್ದೇಶಕ. ಕಬ್ಬಿಣದ ಮೇಲೆ ಮಂಡಿಯೂರಿದರೆ ಇನ್ನೇನಾಗುತ್ತದೆ ಎಂದಳು ಪಕ್ಕದ ಮನೆಯಾಕೆ. ಪ್ರೀತಿಯಿಂದ ಹೇಳಿದ ಮಾತುಗಳೇ. ಆದರೆ ತನಗೆ ಅತ್ಯಂತ ಇಷ್ಟವಾದ ಜಾಗವೇ ತನ್ನನ್ನು ಇಷ್ಟಿಷ್ಟೇ ತಿಂದುಹಾಕಿತೆಂದು ಯೋಚಿಸಿದಾಗ ಅವಳಿಗೆ ಮೋಸಹೋದ ಹಾಗನಿಸುತ್ತಿತ್ತು. ಕಿಟಕಿಯ ಬಳಿ ಕೂತು ಬೀದಿ ನೋಡುತ್ತಿದ್ದಳು. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು.

ತಂಗಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಅಂಗಡಿಗೆ ರಜೆಯಿದ್ದ ಒಂದು ಮಧ್ಯಾಹ್ನ ಅಕ್ಕನನ್ನು ಮೆಲ್ಲಗೆ ಕೆಳಗಿಳಿಸಿ, ಹಿಟ್ಟು ನಾದುವ ಉದ್ದನೆಯ ಮೇಜಿನ ಮುಂದೆ ಕೂರಿಸಿದಳು. ಒಲೆ ಆರಿದ್ದರೂ ಗೋಡೆಗಳು ಕಾವನ್ನು ಹಿಡಿದಿಟ್ಟುಕೊಂಡಿದ್ದವು. ಮೇಲಿನ ಗವಾಕ್ಷಿಯಿಂದ ಬಿಸಿಲಿನ ಒಂದು ಪಟ್ಟಿ ಇಳಿದು, ಅದರೊಳಗೆ ಹಿಟ್ಟಿನ ಧೂಳು ತೇಲುತ್ತಿತ್ತು. ಮೇಜಿನ ಮೇಲೆ ಒಂದು ಹಿಡಿ ಹಿಟ್ಟು ಹರಡಿ ತಂಗಿ ಬೆರಳಿನಿಂದ ಗೀಚತೊಡಗಿದಳು.

ಮಂಡಿಯ ಮೂಳೆಯ ತುದಿಗೆ ಮೃದ್ವಸ್ಥಿಯ ಹೊದಿಕೆ ಇರುತ್ತದೆ, ಬೆರಳಿನ ಉಗುರಿಗಿಂತ ನಾಲ್ಕೈದು ಪಟ್ಟು ದಪ್ಪ, ಹಾಲುಗಾಜಿನ ಹಾಗೆ ನುಣುಪು, ಎಂದು ಅವಳು ಶುರುಮಾಡಿದಳು. ಅದರೊಳಗೆ ನಾರುಗಳ ಬಲೆ ಇದೆ. ತಳದಲ್ಲಿ ನಾರುಗಳು ಮೂಳೆಯಿಂದ ಕಂಬಗಳ ಹಾಗೆ ನೆಟ್ಟಗೆ ಏಳುತ್ತವೆ, ನಡುವೆ ಬಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಮೇಲೆ ಬಂದು ಹಾಸಿದ ಹಾಗೆ ಮಲಗುತ್ತವೆ. ಹಿಟ್ಟಿನಲ್ಲಿ ಒಂದರ ಪಕ್ಕ ಒಂದು ಕಮಾನುಗಳು ಮೂಡಿದವು. ಈ ಬಲೆಯ ಸಂದಿನಲ್ಲಿ ನೀರನ್ನು ಹೀರಿ ಹಿಡಿದಿಡುವ ವಸ್ತು ತುಂಬಿದೆ. ಕಾಲೂರಿದರೆ ನೀರು ಹೊರಗೆ ಜಿನುಗುತ್ತದೆ, ಕಾಲೆತ್ತಿದರೆ ಮತ್ತೆ ಒಳಗೆ ಬರುತ್ತದೆ. ಅಲ್ಲಲ್ಲಿ ಒಂದೊಂದು ಜೀವಕೋಶ, ತನ್ನ ಪುಟ್ಟ ಗೂಡಿನಲ್ಲಿ ಒಂಟಿಯಾಗಿ ಕೂತು, ಆ ಬಲೆಯನ್ನೆಲ್ಲ ನೋಡಿಕೊಳ್ಳುತ್ತದೆ. ಅಲ್ಲಿಗೆ ರಕ್ತನಾಳವಿಲ್ಲ, ನರವೂ ಇಲ್ಲ.

ಅಕ್ಕ ಎಷ್ಟೋ ದಿನಗಳ ನಂತರ ಬಾಯಿ ಬಿಟ್ಟಳು.

"ನರ ಇಲ್ಲ ಅಂದ್ಮೇಲೆ ಈ ನೋವು ಯಾರದ್ದೇ?"

"ಕೆಳಗಿರೋ ಮೂಳೇದು. ಸುತ್ತ ಇರೋ ಪೊರೇದು. ಇದು ಮಾತ್ರ ತಾನು ಹಾಳಾಗ್ತಾ ಹೋದ್ರೂ ತುಟಿ ಪಿಟಕ್ ಅನ್ನಲ್ಲ."

"ಥೇಟ್ ನಮ್ಮತ್ತಿಗೆ," ಎಂದ ಬಾಗಿಲಲ್ಲಿ ನಿಂತಿದ್ದ ತಂಗಿಯ ಗಂಡ.

ಮುಂದಿನದನ್ನು ಹೇಳುವಾಗ ತಂಗಿಯ ಬೆರಳು ನಿಧಾನವಾಯಿತು. ರೋಗ ಶುರುವಾದಾಗ ಮೇಲೆ ಮಲಗಿದ ನಾರುಗಳು ಹಳೆಯ ಪರದೆಯ ಅಂಚಿನ ಹಾಗೆ ಎಳೆ ಬಿಡುತ್ತವೆ. ಬಲೆ ಸಡಿಲವಾಗಿ ಮೊದಮೊದಲು ನೀರು ಹೆಚ್ಚೇ ತುಂಬಿಕೊಳ್ಳುತ್ತದೆ; ಹೊದಿಕೆ ಊದಿ ಮೆತ್ತಗಾಗುತ್ತದೆ. ಆಗ ಅಷ್ಟು ಕಾಲ ಸುಮ್ಮನಿದ್ದ ಜೀವಕೋಶಗಳು ಎಚ್ಚೆತ್ತುಕೊಳ್ಳುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಗುಂಪುಗೂಡಿ ಹೊಸದನ್ನು ಕಟ್ಟಲು ಹೊರಡುತ್ತವೆ. ಹಳೆಯದನ್ನು ಕರಗಿಸುವ ರಸವನ್ನೂ ತಾವೇ ಸುರಿಸುತ್ತವೆ. ಕಟ್ಟಿದ್ದಕ್ಕಿಂತ ಕರಗಿದ್ದು ಹೆಚ್ಚಾಗುತ್ತದೆ. ನೀರು ಹಿಡಿಯುವ ವಸ್ತು ಬಸಿದುಹೋಗುತ್ತದೆ, ಬಿರುಕುಗಳು ಆಳಕ್ಕಿಳಿಯುತ್ತವೆ, ಕೆಳಗಿನ ಮೂಳೆ ಗಟ್ಟಿಯಾಗಿ ದಂತದ ಹಾಗೆ ಹೊಳಪೇರುತ್ತದೆ, ಅಂಚಿನಲ್ಲಿ ಬೇಡದ ಮೂಳೆ ಚಿಗುರುತ್ತದೆ. ಬರೀ ಉಜ್ಜಿ ಉಜ್ಜಿ ತೆಳ್ಳಗಾದದ್ದಲ್ಲ ಅದು ಎಂದಳು. ಏಣಿಯ ಪಾಲು ಒಂದಿಷ್ಟು ಇರಬಹುದು, ವಯಸ್ಸಿನ ಪಾಲು, ಹುಟ್ಟಿನಿಂದ ಬಂದದ್ದರ ಪಾಲೂ ಇರಬಹುದು, ಯಾವುದು ಎಷ್ಟೆಂದು ಯಾರೂ ಅಳೆದು ಹೇಳಲಾರರು.

ಅಕ್ಕ ಹಿಟ್ಟಿನ ಮೇಲಿನ ಕಮಾನುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಆಪರೇಷನ್ನಿನಲ್ಲಿ ತೆಗೆದದ್ದನ್ನು ಏನು ಮಾಡುತ್ತಾರೆ ಎಂದು ಕೇಳಿದಳು. ಬಿಸಾಡುತ್ತಾರೆ ಎಂದಳು ತಂಗಿ.

"ನನ್ನದನ್ನ ಬಿಸಾಡೋಕೆ ಬಿಡಬೇಡ. ನೀನೇ ಕೊಯ್ದು ನಂಗೆ ತೋರಿಸು."

ತಂಗಿ ಒಪ್ಪಿದಳು. ಒಪ್ಪುವಾಗ ಅದು ಎಷ್ಟು ಕಷ್ಟದ ಮಾತು ಎಂದು ಅವಳಿಗೆ ಗೊತ್ತಿರಲಿಲ್ಲ.

ಆಪರೇಷನ್ನಿಗೆ ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿ, ಮಂಪರು ಬರುವ ಒಂದು ಔಷಧಿ ಕೊಟ್ಟರು. ದೀಪದಕ್ಕ ಪೂರ್ತಿ ನಿದ್ದೆಹೋಗಲಿಲ್ಲ. ಮೇಲೆ ದೊಡ್ಡ ದುಂಡು ದೀಪ ತೂಗುತ್ತಿತ್ತು. ಅದರ ಬೆಳಕಿಗೆ ನೆರಳೇ ಬೀಳುತ್ತಿರಲಿಲ್ಲ. ಎಲ್ಲೋ ದೂರದಲ್ಲಿ ಸುತ್ತಿಗೆಯ ಸದ್ದು, ಗರಗಸದ ಸದ್ದು. ಓಹೋ, ಸೆಟ್ಟು ಏಳುತ್ತಿದೆ ಎಂದುಕೊಂಡಳು. ಹಸಿರು ಬಟ್ಟೆಯ ಪರದೆಯಾಚೆ ಯಾರೋ ಅರಮನೆ ಕಟ್ಟುತ್ತಿದ್ದರು. ಕಂಬಗಳು ಒಂದೊಂದಾಗಿ ಎದ್ದು ನಿಂತು, ಮೇಲೆ ಬಾಗಿ ಒಂದನ್ನೊಂದು ಮುಟ್ಟುತ್ತಿದ್ದವು. ಅವುಗಳ ಕೆಳಗೆ ಅವಳು ನಡೆಯುತ್ತಾ ಹೋದಳು. ನೆಲ ಹಿಟ್ಟಿನಷ್ಟು ಮೆತ್ತಗಿತ್ತು, ಹೆಜ್ಜೆಯಿಟ್ಟಲ್ಲೆಲ್ಲ ನೀರು ಒಸರಿ, ಕಾಲೆತ್ತಿದೊಡನೆ ಇಂಗುತ್ತಿತ್ತು. ಒಂದೊಂದು ಕಂಬದ ಬುಡದಲ್ಲೂ ಸಣ್ಣ ಗೂಡು, ಗೂಡಿನಲ್ಲಿ ಯಾರೋ ಬೆನ್ನು ತಿರುಗಿಸಿ ಕೂತು ಏನನ್ನೋ ನೇಯುತ್ತಿದ್ದರು. ಅವಳು ಹತ್ತಿರ ಹೋದರೂ ಅವರು ತಿರುಗಲಿಲ್ಲ. ಕೋಪವಿಲ್ಲ, ಕೆಲಸ ಇತ್ತು, ಅಷ್ಟೇ. ಎಡಗಡೆಯ ಕಂಬ ತುಸು ವಾಲಿದಂತೆ ಕಂಡು ಅವಳು ಹೇಳಿಯೇಬಿಟ್ಟಳು. ಎಡಗಡೆ ಇನ್ನೊಂಚೂರು ಮೇಲೆ ಬರಲಿ, ಎಂದು. ಪರದೆಯಾಚೆ ಸುತ್ತಿಗೆ ಒಂದು ಗಳಿಗೆ ನಿಂತಿತು. ಡಾಕ್ಟರಮ್ಮ ಇದನ್ನು ಆಮೇಲೆ ವಾರ್ಡಿಗೆಲ್ಲ ಹೇಳಿ ನಗಿಸಿದರು. ಅಳತೆ ಇನ್ನೊಮ್ಮೆ ನೋಡಿದೆ, ಸರಿಯಾಗೇ ಇತ್ತು ಎಂದೂ ಸೇರಿಸಿದರು.

ತೆಗೆದ ತುಣುಕುಗಳನ್ನು ಡಾಕ್ಟರಮ್ಮ ಒಪ್ಪಿಗೆ ಪಡೆದು ಪ್ರಯೋಗಾಲಯಕ್ಕೆ ಕಳಿಸಿಕೊಟ್ಟರು. ಮೃದ್ವಸ್ಥಿ ಮೂಳೆಗೆ ಅಂಟಿಕೊಂಡೇ ಇರುವುದರಿಂದ ಹಾಗೇ ಕೊಯ್ಯಲು ಬರುವುದಿಲ್ಲ. ಆಮ್ಲದಲ್ಲಿ ವಾರಗಟ್ಟಲೆ ನೆನೆಸಿಟ್ಟು ಮೂಳೆಯ ಸುಣ್ಣವನ್ನು ಕರಗಿಸಬೇಕು. ಅತ್ತ ಗಾಜಿನ ಡಬ್ಬಿಯಲ್ಲಿ ಹಳೆಯ ಮಂಡಿ ಮೆತ್ತಗಾಗುತ್ತಿರಲು, ಇತ್ತ ಮನೆಯಲ್ಲಿ ಅಕ್ಕ ಹೊಸ ಮಂಡಿಯನ್ನು ಮಡಿಸಿ ಚಾಚಿ ಪಳಗಿಸುತ್ತಿದ್ದಳು. ಹಲ್ಲು ಕಚ್ಚಿ ಮಾಡುವ ಕೆಲಸ ಅದು. ತಂಗಿಯ ಗಂಡ ಎದುರು ಕೂತು ತಾನೂ ಕಾಲು ಮಡಿಸಿ, ಅವಳಿಗಿಂತ ಜೋರಾಗಿ ನರಳುತ್ತಿದ್ದ.

ಕೊಯ್ಯುವ ದಿನ ಬಂತು. ತಂಗಿ ಮೇಣದ ಅಚ್ಚನ್ನು ಯಂತ್ರಕ್ಕೆ ಸಿಕ್ಕಿಸಿ ಹಿಡಿಕೆಗೆ ಕೈಯಿಟ್ಟಳು. ಕೈ ತಿರುಗಲಿಲ್ಲ. ಎಷ್ಟು ಜನರ ದೇಹದ ಚೂರುಗಳು ಈ ಅಲಗಿನ ಕೆಳಗೆ ಹಾದುಹೋಗಿದ್ದವೋ! ಯಾರದನ್ನೂ ಅವಳು ಮೊದಲು ಕಂಡಿರಲಿಲ್ಲ. ಈ ಮಂಡಿಯ ಮೇಲೆ ಮಾತ್ರ ಅವಳು ಕೂತಿದ್ದಳು. ತಾಯಿ ಹೋದ ಮೇಲೆ ದಿನಾ ಬೆಳಗ್ಗೆ ಇದರ ಮೇಲೆ ಕೂತು ಜಡೆ ಹೆಣೆಸಿಕೊಂಡಿದ್ದಳು, ಇದಕ್ಕೆ ಕೆನ್ನೆಯಾನಿಸಿ ಜ್ವರದಲ್ಲಿ ಮಲಗಿದ್ದಳು. ಅವಳು ಯಂತ್ರವನ್ನು ಮುಚ್ಚಿಟ್ಟು ಹೊರಗಿನ ಮೊಗಸಾಲೆಯಲ್ಲಿ ಅಡ್ಡಾಡಿದಳು. ಆ ದಿನ ಆಗಲೇ ಇಲ್ಲ. ಮರುದಿನ, ಬೇರೆ ಯಾರೂ ಬರುವ ಮೊದಲು, ಕೂತು ಕೊಯ್ದಳು. ರಿಬ್ಬನ್ನಿನ ಹಾಗೆ ಎಳೆಯೆಳೆಯಾಗಿ ಬಂದ ಮೇಣದ ಪದರಗಳನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟಾಗ ಅವು ಸುಕ್ಕು ಬಿಚ್ಚಿ ಹರಡಿಕೊಂಡವು. ತನ್ನ ಕಣ್ಣೀರು ಅದರೊಳಗೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

ಅಕ್ಕ ಊರುಗೋಲು ಹಿಡಿದು ಪ್ರಯೋಗಾಲಯಕ್ಕೆ ಬಂದಳು. ತಂಗಿ ಕುರ್ಚಿಯ ಎತ್ತರ ಸರಿಮಾಡಿ ಕೂರಿಸಿ, ಮೊದಲು ಮಂಡಿಯ ಹೊರಮಗ್ಗುಲಿನ ಸ್ಲೈಡು ಇಟ್ಟಳು. ನೀರು ಹಿಡಿಯುವ ವಸ್ತು ಇರುವಲ್ಲೆಲ್ಲ ಕೆಂಪಾಗುವ ಬಣ್ಣ ಹಾಕಿದ್ದಳು. ಅಕ್ಕ ಕಣ್ಣಿಟ್ಟಾಗ ಕಂಡದ್ದು ಆಳವಾದ, ಸದ್ದಿಲ್ಲದ ಕೆಂಪು. ಅದರಲ್ಲಿ ದೂರದೂರಕ್ಕೆ ಒಂದೊಂದು ಕಣ್ಣಿನಂಥ ಗೂಡು. ಇದಿನ್ನೂ ಸುಮಾರಾಗಿ ಚೆನ್ನಾಗಿರುವ ಕಡೆ ಎಂದಳು ತಂಗಿ. ಆಮೇಲೆ ಒಳಮಗ್ಗುಲಿನದನ್ನು ಇಟ್ಟು, ಒಂದು ತುದಿಯಿಂದ ಮೆಲ್ಲಗೆ ಸರಿಸುತ್ತಾ ಹೋದಳು. ಕೆಂಪು ಮಾಸಿತು, ಗುಲಾಬಿಯಾಯಿತು, ಬೂದುಬಣ್ಣಕ್ಕಿಳಿಯಿತು. ಅಂಚು ಹರಿದು ಚಿಂದಿಯಾಗಿ, ಬಿರುಕುಗಳು ಬೇರಿನ ಹಾಗೆ ಇಳಿದಿದ್ದವು. ಮೂಳೆಯ ಗಡಿಯಲ್ಲಿ ಒಂದು ಗೆರೆಯಿರಬೇಕಾದ ಕಡೆ ಎರಡು ಗೆರೆಗಳಿದ್ದವು. ಕೆಳಗಿನ ಗಟ್ಟಿಪದರ ಮೇಲಕ್ಕೆ ಒತ್ತರಿಸಿ ಬಂದ ಗುರುತು ಅದು ಎಂದಳು ತಂಗಿ. ಕಡೆಗೆ ಮೃದ್ವಸ್ಥಿಯೇ ಇಲ್ಲ, ಬರಿಯ ಮೂಳೆ.

ಅಕ್ಕ ಹಿಂದಕ್ಕೆ ಸರಿಸಲು ಹೇಳಿದಳು. ಒಂದು ಬಿರುಕಿನ ದಡದಲ್ಲಿ ಜೀವಕೋಶಗಳು ಗೊಂಚಲು ಗೊಂಚಲಾಗಿ ಒತ್ತಿಕೊಂಡು ಕೂತಿದ್ದವು. ಅವುಗಳ ಸುತ್ತ ಮಾತ್ರ ಕೆಂಪು ಇನ್ನೂ ಉಳಿದಿತ್ತು.

"ಇವು ಏನ್ಮಾಡ್ತಿದ್ವೇ?"

"ರಿಪೇರಿ ಮಾಡೋಕೆ ನೋಡ್ತಿದ್ವು ಅಕ್ಕ. ಆಗ್ಲಿಲ್ಲ."

"ನಂಗೆ ಗೊತ್ತೇ ಇರ್ಲಿಲ್ಲ ನೋಡು. ನಾನು ಮೇಲೆ ದೀಪ ಕಟ್ತಿದ್ದಾಗ, ಇವು ಒಳಗೆ ಇಷ್ಟು ಪಾಡು ಪಡ್ತಿದ್ವು."

ಆಮೇಲೆ ತಂಗಿ ಇನ್ನೊಂದು ತೋರಿಸುತ್ತೇನೆಂದು ಮೊದಲ ಸ್ಲೈಡನ್ನೇ ಮತ್ತೆ ಇಟ್ಟು, ಅದರ ಕೆಳಗೊಂದು ಮೇಲೊಂದು ಬೆಳಕನ್ನು ಸೋಸುವ ಕಪ್ಪು ಗಾಜು ಸೇರಿಸಿ, ಒಂದನ್ನು ಮೆಲ್ಲಗೆ ತಿರುಗಿಸಿದಳು. ನೋಟವೆಲ್ಲ ಕತ್ತಲಾಯಿತು. ಆ ಕತ್ತಲೊಳಗಿನಿಂದ ನಾರುಗಳು ಮಾತ್ರ ಬೆಳಗಿದವು. ತಳದಿಂದ ನೆಟ್ಟಗೆ ಎದ್ದ ಬೆಳ್ಳಿಯ ಕಂಬಗಳು, ನಡುವೆ ಬಾಗುವಲ್ಲಿ ಮಬ್ಬು, ಮೇಲೆ ಮಲಗಿದಲ್ಲಿ ಮತ್ತೆ ಹೊಳೆಯುವ ಒಂದು ತೆಳುಪಟ್ಟಿ. ಬದುಕಿನುದ್ದಕ್ಕೂ ಬೆಳಕನ್ನೇ ಹಿಡಿದು ತಿರುಗಿಸಿದ ದೀಪದಕ್ಕ ಇಂಥದೊಂದನ್ನು ನೋಡಿರಲಿಲ್ಲ. ಉಸಿರು ಹಿಡಿದು ನೋಡಿದಳು. ಕಣ್ಣು ತೆಗೆದಾಗ ಅವಳ ಮುಖ ಎಲ್ಲಿಂದಲೋ ಪ್ರಯಾಣ ಮುಗಿಸಿ ಬಂದವರ ಮುಖದ ಹಾಗಿತ್ತು. ಆಗ ತಂಗಿ, ಕೊಯ್ಯಲಾಗದೆ ಹೊರಗೆ ಅಡ್ಡಾಡಿದ ದಿನದ ಕಥೆ ಹೇಳಿದಳು. ಅಕ್ಕ ಅವಳ ಕೈ ಹಿಡಿದು, ಬಣ್ಣ ಹತ್ತಿದ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಸವೆತ ಎಂಬ ಮಾತು ಆಮೇಲೆ ಅವಳನ್ನು ಕಾಡಲಿಲ್ಲ.

ರಂಗಮಂದಿರಕ್ಕೆ ಅವಳು ಮರಳಿ ಹೋದಳು. ಏಣಿ ಹತ್ತುವ ಕೆಲಸಕ್ಕೆ ಅಷ್ಟರಲ್ಲಿ ಬೇರೊಬ್ಬಳು ಬಂದಿದ್ದಳು. ದೀಪದಕ್ಕನಿಗೆ ಸಭಾಂಗಣದ ಹಿಂದಿನ ಗಾಜಿನ ಕೋಣೆಯಲ್ಲಿ, ದೀಪ ಏರಿಸಿ ಇಳಿಸುವ ಗುಂಡಿಗಳ ಮುಂದೆ ಜಾಗ ಕೊಟ್ಟರು. ಅಲ್ಲಿಂದ ನಟರ ಮುಖ ಕಾಣುತ್ತಿತ್ತು, ನೆತ್ತಿ ಕಾಣುತ್ತಿರಲಿಲ್ಲ. ಅದು ತನಗೆ ರುಚಿಸುವುದಿಲ್ಲ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಆದರೂ ಮಾಡಿದಳು. ಒಮ್ಮೆ ಬಡಗಿ, ಬೇಕಾದರೆ ಹಗ್ಗ ಕಟ್ಟಿ ಮೇಲಕ್ಕೆಳೆಯುತ್ತೇನೆ, ಒಂದು ಸಲ ನೋಡಿಕೊಂಡು ಬಾ ಎಂದ. ಅವಳು ಬೇಡವೆಂದು, ಯಾರೂ ಇಲ್ಲದ ವೇದಿಕೆಯ ನಡುವೆ ಹಲಗೆಗಳ ಮೇಲೆ ಅಂಗಾತ ಮಲಗಿ, ತಾನು ಕಟ್ಟಿದ ದೀಪಗಳನ್ನು ಮೊದಲ ಬಾರಿಗೆ ಕೆಳಗಿನಿಂದ ನೋಡಿದಳು. ಬಡಗಿಯೂ ಪಕ್ಕದಲ್ಲಿ ಮಲಗಿದ. ಇಬ್ಬರೂ ಏಳಲಾಗದೆ, ತಾಲೀಮಿಗೆ ಬಂದ ರಾಜ ಕೈ ಕೊಟ್ಟು ಎಬ್ಬಿಸಬೇಕಾಯಿತು.

ವರ್ಷ ಕಳೆಯುವಷ್ಟರಲ್ಲಿ ಎಡಮಂಡಿಯಲ್ಲಿ ಸದ್ದು ಶುರುವಾಯಿತು. ಈ ಬಾರಿ ಅವಳು ಬಚ್ಚಿಡಲಿಲ್ಲ. ತಿಂಡಿಯ ಹೊತ್ತಿಗೆ ಎಲ್ಲರೆದುರು, ಎಡಗಡೆಯವರೂ ರಿಪೇರಿಗೆ ಇಳಿದ ಹಾಗಿದೆ ಎಂದಳು. ಡಾಕ್ಟರಮ್ಮ ನೋಡಿ, ಸಂದು ಇನ್ನೂ ಚೆನ್ನಾಗಿದೆ, ತೊಡೆ ಗಟ್ಟಿಮಾಡಿಕೊಳ್ಳಿ, ನಡೆಯುವುದನ್ನು ಬಿಡಬೇಡಿ, ನೀರಿನಲ್ಲಿ ನಡೆದರೆ ಇನ್ನೂ ಒಳ್ಳೆಯದು ಎಂದರು.

ಹಾಗಾಗಿ ವಾರದ ಬಿಡುವಿನ ಬೆಳಗುಗಳಲ್ಲಿ ಅಕ್ಕ, ತಂಗಿ, ತಂಗಿಯ ಗಂಡ ಮೂವರೂ ಊರಿನ ಈಜುಕೊಳಕ್ಕೆ ಹೋಗತೊಡಗಿದರು. ಎದೆಮಟ್ಟದ ನೀರಿನಲ್ಲಿ, ಉದ್ದದ ಗೋಡೆಯ ಪಕ್ಕ, ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದರು. ಮೊದಲ ದಿನ ತಂಗಿಯ ಗಂಡ ನೀರಿಗಿಳಿದೊಡನೆ, ಹಿಟ್ಟು ಇನ್ನಷ್ಟು ನೆನೆಯಬೇಕು ಎಂದು ತನ್ನ ಹೊಟ್ಟೆಯನ್ನು ತಾನೇ ತಟ್ಟಿಕೊಂಡ. ತಂಗಿ ಅವನ ಮೇಲೆ ನೀರೆರಚಿದಳು. ಅಕ್ಕ ಆ ತುದಿ ಮುಟ್ಟಿ, ಗೋಡೆಯಿಂದ ಕೈ ಬಿಟ್ಟು, ಮೆಲ್ಲಗೆ ಹಿಂದಕ್ಕೆ ಒರಗಿದಳು. ಕಿವಿಗಳು ನೀರೊಳಗೆ ಹೋದವು, ಅವರಿಬ್ಬರ ಜಗಳ ಬೇರೆ ಯಾವುದೋ ಬೀದಿಯದೆಂಬಂತೆ ದೂರವಾಯಿತು. ಕಾಲುಗಳು ತಾವಾಗಿಯೇ ಮೇಲೆದ್ದವು. ಅವಳು ಕಣ್ಣು ಮುಚ್ಚಿ ಹಾಗೇ ತೇಲಿದಳು.